ದಿನವಿಡೀ ಸಿಹಿ ತಿನ್ನುವ ಪ್ರಾಣಿಗಳು ಸಕ್ಕರೆಯನ್ನು ಹೇಗೆ ತಾಳಿಕೊಳ್ಳುತ್ತವೆ? ಡಯಾಬಿಟಿಸ್ ಇರುವವರು ತಿಳಿಯಬೇಕಾದ ಸಂಗತಿಗಳು

ಮನೆಯಲ್ಲಿ ಒಬ್ಬರಿಗೆ ಡಯಾಬಿಟಿಸ್ ಇದೆ ಎಂದು ಗೊತ್ತಾದ ದಿನದಿಂದ ಸಿಹಿಯ ಬಗ್ಗೆ ವಾದ ಶುರುವಾಗುತ್ತದೆ. 'ಸಕ್ಕರೆ ಬಿಟ್ಟಿದ್ದೇನೆ, ಬೆಲ್ಲ ತಿಂದರೆ ಏನಾಗುತ್ತದೆ?' 'ಜೇನುತುಪ್ಪ ಔಷಧ ಅಲ್ಲವೇ?' 'ಹಣ್ಣಿನಲ್ಲಿರುವುದು ನೈಸರ್ಗಿಕ ಸಕ್ಕರೆ, ಅದರಿಂದ ತೊಂದರೆ ಇಲ್ಲ.' ಇವುಗಳ ಜೊತೆಗೆ ಇನ್ನೊಂದು ಮಾತೂ ಬರುತ್ತದೆ: 'ಬಾವಲಿ ರಾತ್ರಿಯಿಡೀ ಹಣ್ಣು ತಿನ್ನುತ್ತದೆ, ಜೇನ್ನೊಣ ಸಿಹಿಯಲ್ಲೇ ಬದುಕುತ್ತದೆ. ಅವುಗಳಿಗೆ ಬಾರದ ಸಕ್ಕರೆ ಕಾಯಿಲೆ ನಮಗೇಕೆ?'

ಈ ಕೊನೆಯ ಪ್ರಶ್ನೆ ನಗುವಂಥದ್ದಲ್ಲ. ವಿಜ್ಞಾನಿಗಳೂ ಇದನ್ನೇ ಕೇಳಿದ್ದಾರೆ ಮತ್ತು ಕೆಲವು ಉತ್ತರಗಳನ್ನು ಕಂಡುಕೊಂಡಿದ್ದಾರೆ. ಆ ಉತ್ತರಗಳನ್ನು ತಿಳಿದರೆ ನಿಮ್ಮ ದೇಹದಲ್ಲಿ ಏನು ನಡೆಯುತ್ತಿದೆ, ವೈದ್ಯರು ಕೊಡುವ ಸಲಹೆಯ ಹಿಂದಿನ ಕಾರಣವೇನು ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಇದಕ್ಕೆ ದೂರದ ಕಾಡಿಗೆ ಹೋಗಬೇಕಿಲ್ಲ. ಪುಣೆ ನಗರ ಮತ್ತು ಅದರ ಸುತ್ತಲಿನ ಕಬ್ಬಿನ ಹೊಲಗಳಲ್ಲೇ ಇಂಥ ಪ್ರಾಣಿಗಳು ಬೇಕಾದಷ್ಟು ಸಿಗುತ್ತವೆ.

ಮೊದಲು ನಮ್ಮ ದೇಹದ ಲೆಕ್ಕ

ಆರೋಗ್ಯವಂತ ವಯಸ್ಕರ ರಕ್ತದಲ್ಲಿ, ಖಾಲಿ ಹೊಟ್ಟೆಯಲ್ಲಿ, ಪ್ರತಿ ಡೆಸಿಲೀಟರ್‌ಗೆ 70ರಿಂದ 99 ಮಿಲಿಗ್ರಾಂ ಗ್ಲೂಕೋಸ್ ಇರುತ್ತದೆ. ನಮ್ಮ ಮೈಯಲ್ಲಿರುವ ಸುಮಾರು 5 ಲೀಟರ್ ರಕ್ತಕ್ಕೆ ಲೆಕ್ಕ ಹಾಕಿದರೆ ಒಟ್ಟು 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು ಸಕ್ಕರೆ. ಪುಣೆಯ ರಸವಂತಿ ಅಂಗಡಿಯಲ್ಲಿ ಗೆಜ್ಜೆ ಸದ್ದಿನ ಗಾಣದಿಂದ ಹಿಂಡಿ ಕೊಡುವ ಒಂದು ದೊಡ್ಡ ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇರುತ್ತದೆ. ಒಂದು ಚಮಚ ಹಿಡಿಸುವ ಜಾಗಕ್ಕೆ ಆರು ಚಮಚ ಬಂದು ಬೀಳುತ್ತದೆ.

ಇಷ್ಟಾದರೂ ಆರೋಗ್ಯವಂತರ ರಕ್ತದ ಸಕ್ಕರೆ ಒಂದು ಮಿತಿಯನ್ನು ಮೀರುವುದಿಲ್ಲ. ಕಾರಣ ಇನ್ಸುಲಿನ್. ಮೇದೋಜೀರಕ ಗ್ರಂಥಿಯಿಂದ ಹೊರಡುವ ಈ ಹಾರ್ಮೋನ್ ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ 'ಗ್ಲುಟ್-4' ಎಂಬ ಬಾಗಿಲುಗಳನ್ನು ತೆರೆಸುತ್ತದೆ. ಸಕ್ಕರೆ ರಕ್ತದಿಂದ ಕೋಶದೊಳಗೆ ಹೋಗುತ್ತದೆ. ಯಕೃತ್ತು ಒಂದಿಷ್ಟನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಉಳಿದದ್ದು ಕೊಬ್ಬಾಗುತ್ತದೆ.

ಟೈಪ್ 1 ಡಯಾಬಿಟಿಸ್‌ನಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳೇ ನಾಶವಾಗಿರುತ್ತವೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ, ಆದರೆ ಬಾಗಿಲುಗಳು ಅದರ ಮಾತು ಕೇಳುವುದಿಲ್ಲ. ಕ್ರಮೇಣ ಗ್ರಂಥಿಯೂ ದಣಿಯುತ್ತದೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಅಥವಾ ಎಚ್‌ಬಿಎ1ಸಿ ಶೇ. 6.5 ಅಥವಾ ಅದಕ್ಕಿಂತ ಹೆಚ್ಚು ಬಂದು, ಅದು ಮರುಪರೀಕ್ಷೆಯಲ್ಲೂ ಖಚಿತವಾದರೆ ಡಯಾಬಿಟಿಸ್ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಇಂಥವರು 10.1 ಕೋಟಿ ಜನ.

ಈಗ ಪ್ರಾಣಿಗಳ ಕಡೆ ಬರೋಣ.

ಬಾವಲಿ: ತಿಂದು ಕೂರುವುದಿಲ್ಲ

ಪುಣೆಯ ಹಳೆಯ ಆಲ, ಅತ್ತಿ, ಅಶ್ವತ್ಥ ಮರಗಳಲ್ಲಿ ಹಣ್ಣಾಗುವ ಕಾಲಕ್ಕೆ ಸಂಜೆಯಾದರೆ ಬಾವಲಿಗಳು ಬಂದಿಳಿಯುತ್ತವೆ. ಹಗಲು ಮರದಲ್ಲಿ ತಲೆಕೆಳಗಾಗಿ ನೇತಾಡುವ ದೊಡ್ಡ ಹಾರುನರಿ ಬಾವಲಿ, ಗುಹೆ ಮತ್ತು ಪಾಳು ಕಟ್ಟಡಗಳಲ್ಲಿ ವಾಸಿಸುವ ರೌಸೆಟಸ್ ಬಾವಲಿ, ತಾಳೆಯಂಥ ಮರಗಳ ಗರಿಯ ಕೆಳಗೆ ಅಡಗುವ ಗಿಡ್ಡಮೂತಿಯ ಬಾವಲಿ, ಈ ಮೂರೂ ದಕ್ಷಿಣ ಭಾರತದಲ್ಲೆಲ್ಲ ಕಾಣುವ ಹಣ್ಣುಬಾಕ ಬಾವಲಿಗಳು. ಹಣ್ಣು ತಿನ್ನುವ ಬಾವಲಿಗಳು ಒಂದು ದಿನದಲ್ಲಿ ತಮ್ಮ ತೂಕದ ಎರಡು ಪಟ್ಟು ಹಣ್ಣನ್ನು ತಿನ್ನಬಲ್ಲವು. 60 ಕಿಲೋ ತೂಕದ ಮನುಷ್ಯ 120 ಕಿಲೋ ಹಣ್ಣು ತಿಂದಂತೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಣ್ಣು ತಿನ್ನುವ ಜಮೈಕಾ ಬಾವಲಿಯನ್ನು ಕೀಟ ತಿನ್ನುವ ಬಾವಲಿಯೊಂದಿಗೆ ಹೋಲಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಣ್ಣುಬಾಕ ಬಾವಲಿಯ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಹೆಚ್ಚಾಗಿದ್ದವು. ಸಕ್ಕರೆ ಇಳಿದಾಗ ಅದನ್ನು ಏರಿಸುವ ಗ್ಲುಕಗಾನ್ ಹಾರ್ಮೋನಿನ ಕೋಶಗಳೂ ಹೆಚ್ಚಾಗಿದ್ದವು. ಅಂದರೆ ಬ್ರೇಕ್ ಮತ್ತು ಆಕ್ಸಿಲರೇಟರ್ ಎರಡೂ ಬಲವಾಗಿವೆ. ಅದರ ಮೂತ್ರಪಿಂಡಗಳೂ ಬೇರೆ ಬಗೆಯವು. ಹಣ್ಣಿನಲ್ಲಿ ನೀರು ಹೆಚ್ಚು, ಉಪ್ಪಿನಂಶ ಕಡಿಮೆ. ಹಾಗಾಗಿ ನೀರನ್ನು ಹೊರಹಾಕುತ್ತಲೇ ಲವಣಗಳನ್ನು ಹಿಡಿದಿಟ್ಟುಕೊಳ್ಳಲು ಅವು ಹೊಂದಿಕೊಂಡಿವೆ.

ಮಕರಂದ ಕುಡಿಯುವ ಬಾವಲಿಗಳ ಕಥೆ ಇನ್ನೂ ಕುತೂಹಲದ್ದು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಗ್ಲಾಸೊಫೇಗಾ ಎಂಬ, ಸುಮಾರು 10 ಗ್ರಾಂ ತೂಕದ ಬಾವಲಿಯ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಸಿಹಿ ಕುಡಿದು ಸುಮ್ಮನೆ ಕುಳಿತ ಬಾವಲಿಗಳ ರಕ್ತದ ಸಕ್ಕರೆ 450 ಮಿಲಿಗ್ರಾಂ ದಾಟಿತು. ಹೆಚ್ಚು ಹೊತ್ತು ಹಾರಾಡಿದವುಗಳಲ್ಲಿ ಅದು ಅಷ್ಟು ಏರಲಿಲ್ಲ. ಅಂದರೆ ಈ ಪುಟ್ಟ ಪ್ರಾಣಿ ಸಕ್ಕರೆಯನ್ನು ನಿಯಂತ್ರಿಸುವುದರಲ್ಲಿ ಇನ್ಸುಲಿನ್ ಜೊತೆಗೆ ರೆಕ್ಕೆಯ ಸ್ನಾಯುಗಳ ಪಾಲೂ ದೊಡ್ಡದು. ಕುಡಿದ ಸಕ್ಕರೆ ಕೆಲವೇ ನಿಮಿಷಗಳಲ್ಲಿ ಹಾರಾಟಕ್ಕೆ ಇಂಧನವಾಗಿ ಉರಿದುಹೋಗುತ್ತದೆ.

2024ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 29 ಜಾತಿಯ ಕಾಡು ಬಾವಲಿಗಳಿಗೆ ಸಕ್ಕರೆ ಕೊಟ್ಟು ಪರೀಕ್ಷಿಸಲಾಯಿತು. ಮಕರಂದ ಕುಡಿಯುವ ಕೆಲವು ಬಾವಲಿಗಳಲ್ಲಿ ಸಕ್ಕರೆಯ ಮಟ್ಟ 750 ದಾಟಿತು. ಮನುಷ್ಯರಲ್ಲಿ ಇಷ್ಟು ಬಂದರೆ ತುರ್ತು ಚಿಕಿತ್ಸಾ ಘಟಕಕ್ಕೆ ಒಯ್ಯಬೇಕಾಗುತ್ತದೆ. ಬಾವಲಿಗೆ ಅದು ಊಟದ ನಂತರದ ಸಾಮಾನ್ಯ ಸ್ಥಿತಿ.

ಬಾವಲಿ ಹಣ್ಣು ತಿನ್ನುವ ರೀತಿಯನ್ನೂ ಗಮನಿಸಿ. ಅದು ಹಣ್ಣನ್ನು ಬಾಯಲ್ಲಿ ಹಿಂಡಿ ರಸವನ್ನು ನುಂಗುತ್ತದೆ, ನಾರಿನ ಚರಟವನ್ನು ಉಗುಳುತ್ತದೆ. ಹಾರುವ ಪ್ರಾಣಿಗೆ ಹೊಟ್ಟೆಯ ಭಾರ ಕಡಿಮೆ ಇರಬೇಕು, ಸಕ್ಕರೆ ಬೇಗ ರಕ್ತ ಸೇರಬೇಕು. ಡಯಾಬಿಟಿಸ್ ಇರುವವರು ಮಾಡಬೇಕಾದ್ದು ಇದರ ತದ್ವಿರುದ್ಧ. ನಿಮಗೆ ಬೇಕಾದ್ದು ಆ ನಾರು. ಅದು ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ಜ್ಯೂಸ್ ಮಾಡಿ, ಸೋಸಿ, ನಾರನ್ನು ಎಸೆದು, ರಸವನ್ನಷ್ಟೇ ಕುಡಿದು ಸೋಫಾದ ಮೇಲೆ ಕುಳಿತರೆ ನಾವು ಬಾವಲಿಯ ಊಟವನ್ನು ಮಾಡಿದಂತಾಯಿತು, ಅದರ ಹಾರಾಟವನ್ನು ಬಿಟ್ಟಂತಾಯಿತು.

ಸೂರಕ್ಕಿ: ಹೆಚ್ಚಿನ ಸಕ್ಕರೆಯೇ ಸಹಜ

ಬಾಲ್ಕನಿಯ ದಾಸವಾಳಕ್ಕೆ ಬಂದು ಕೊಕ್ಕು ತೂರಿಸುವ ಹೊಳೆಯುವ ಪುಟ್ಟ ಹಕ್ಕಿ ಸೂರಕ್ಕಿ. ನೇರಳೆ ಸೂರಕ್ಕಿ ಪುಣೆಯಲ್ಲೂ ಬೆಂಗಳೂರಿನಲ್ಲೂ ಸಾಮಾನ್ಯ. ಅಮೆರಿಕ ಖಂಡದಲ್ಲಿ ಇದೇ ಬದುಕು ನಡೆಸುವುದು ಹಮ್ಮಿಂಗ್ ಬರ್ಡ್. ಇವೆರಡೂ ಹತ್ತಿರದ ಸಂಬಂಧಿಗಳಲ್ಲ, ಆದರೆ ಇಬ್ಬರ ಊಟವೂ ಮಕರಂದ.

ಪಕ್ಷಿಗಳ ರಕ್ತದಲ್ಲಿ ಸಕ್ಕರೆ ಸಹಜವಾಗಿಯೇ ಸಸ್ತನಿಗಳಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ. ಹಮ್ಮಿಂಗ್ ಬರ್ಡ್‌ಗಳಲ್ಲಿ ಖಾಲಿ ಹೊಟ್ಟೆಯಲ್ಲಿ ಸುಮಾರು 300, ಮಕರಂದ ಕುಡಿದ ಮೇಲೆ 740ರವರೆಗೆ ದಾಖಲಾಗಿದೆ. ಅಷ್ಟೇ ಅಲ್ಲ, ಪಕ್ಷಿಗಳಲ್ಲಿ ನಾವು ಮೇಲೆ ಹೇಳಿದ ಗ್ಲುಟ್-4 ಬಾಗಿಲೇ ಇಲ್ಲ. ಸಕ್ಕರೆ ಬೇರೆ ಬಾಗಿಲುಗಳಿಂದ ಸ್ನಾಯುವಿಗೆ ಹೋಗುತ್ತದೆ, ಅಲ್ಲಿ ತಕ್ಷಣ ಉರಿಯುತ್ತದೆ.

ಇಲ್ಲೊಂದು ಮುಖ್ಯ ವಿಷಯವಿದೆ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು. ಇದೇ ಅಂಟಿಕೊಳ್ಳುವ ಕ್ರಿಯೆ ಕಣ್ಣು, ಮೂತ್ರಪಿಂಡ, ನರಗಳಲ್ಲೂ ವರ್ಷಗಟ್ಟಲೆ ನಡೆದು ಹಾನಿ ಮಾಡುತ್ತದೆ. ಹಮ್ಮಿಂಗ್ ಬರ್ಡ್‌ಗಳ ಹಿಮೋಗ್ಲೋಬಿನ್‌ನಲ್ಲಿ ಹೀಗೆ ಸಕ್ಕರೆ ಅಂಟಿದ ಭಾಗ ಸುಮಾರು ಶೇ. 4.6 ಮಾತ್ರ. ಸಕ್ಕರೆ 300 ಇದ್ದರೂ ಅಂಟುವುದು ಕಡಿಮೆ. ಪಕ್ಷಿಗಳ ಕೆಂಪು ರಕ್ತಕಣಗಳು ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವುದೇ ಕಡಿಮೆ. ಆ ಕಣಗಳ ಆಯುಸ್ಸೂ ನಮ್ಮ ರಕ್ತಕಣಗಳಿಗಿಂತ ಚಿಕ್ಕದು.

ನಮ್ಮ ರಕ್ತಕಣಗಳಿಗೆ ಆ ರಕ್ಷಣೆ ಇಲ್ಲ. ಮನುಷ್ಯರಲ್ಲಿ ಸರಾಸರಿ ಸಕ್ಕರೆ ಸುಮಾರು 300ರಲ್ಲಿ ನಿಂತರೆ ಎಚ್‌ಬಿಎ1ಸಿ ಶೇ. 12ರ ಹತ್ತಿರ ಬರುತ್ತದೆ. 'ನನಗೆ 300 ಇದ್ದರೂ ಏನೂ ಅನ್ನಿಸುವುದಿಲ್ಲ, ನನ್ನ ದೇಹಕ್ಕೆ ಒಗ್ಗಿಹೋಗಿದೆ' ಎಂದು ಹೇಳುವ ರೋಗಿಗಳಿದ್ದಾರೆ. ಏನೂ ಅನ್ನಿಸದಿರುವುದು ಒಗ್ಗಿದ್ದರ ಗುರುತಲ್ಲ. ನೋವಿಲ್ಲದೆಯೇ ಹಾನಿ ಸಾಗುತ್ತಿರುತ್ತದೆ. ಹಕ್ಕಿಗಳ ಪೂರ್ವಜರಿಗೆ ಈ ಹೊಂದಾಣಿಕೆಗೆ ಲಕ್ಷಾಂತರ ವರ್ಷಗಳ ಕಾಲಾವಕಾಶ ಸಿಕ್ಕಿತ್ತು. ಒಬ್ಬ ಮನುಷ್ಯನ ಆಯುಸ್ಸಿನಲ್ಲಿ ಅದು ಆಗುವುದಿಲ್ಲ.

ಮಕರಂದದಲ್ಲಿ ಸಕ್ಕರೆಯ ಜೊತೆ ನೀರೂ ಬಹಳ. ಪ್ಯಾಲೆಸ್ಟೀನ್ ಸೂರಕ್ಕಿ ಎಂಬ ಜಾತಿಯ ಮೇಲೆ 2003ರಲ್ಲಿ ಪ್ರಕಟವಾದ ಅಧ್ಯಯನ ಒಂದು ಚಂದದ ಉಪಾಯವನ್ನು ತೋರಿಸಿತು. ಈ ಹಕ್ಕಿ ತೆಳು ಮಕರಂದವನ್ನು ಹೆಚ್ಚು ಕುಡಿದಾಗ ಸಕ್ಕರೆಯನ್ನು ಹೀರಿಕೊಂಡು ನೀರಿನ ದೊಡ್ಡ ಪಾಲನ್ನು ಕರುಳಿನಿಂದ ನೇರವಾಗಿ ಹೊರಗೆ ಬಿಡುತ್ತದೆ. ಮೂತ್ರಪಿಂಡಕ್ಕೆ ಹೊರೆ ಬೀಳುವುದಿಲ್ಲ. ನಮ್ಮಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಅದು ಮೂತ್ರಕ್ಕೆ ಸೋರಲು ಆರಂಭಿಸುತ್ತದೆ, ಜೊತೆಗೆ ನೀರನ್ನೂ ಎಳೆದೊಯ್ಯುತ್ತದೆ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ನಿಶ್ಶಕ್ತಿ ಇವುಗಳ ಕಾರಣ ಇದೇ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಪ್ರಾಚೀನ ಭಾರತದ ವೈದ್ಯರು ಈ ರೋಗಕ್ಕೆ ಮಧುಮೇಹ ಎಂಬ ಹೆಸರಿಟ್ಟರು.

ಜೇನ್ನೊಣ: ದುಡಿದು ತಿನ್ನುವ ಜೀವ

ಪುಣೆಯಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಇದೆ. ಜೇನು ಸಾಕುವವರಿಗೆ ಗೊತ್ತಿರುವ ವಿಷಯ: ದುಡಿಯುವ ನೊಣಕ್ಕೆ ಇಂಧನವೆಂದರೆ ಸಕ್ಕರೆಯೇ. ಅದರ ಮೈಯ ದ್ರವದಲ್ಲಿ ಟ್ರೆಹಲೋಸ್, ಗ್ಲೂಕೋಸ್, ಫ್ರಕ್ಟೋಸ್ ಸೇರಿ ಸಕ್ಕರೆಯ ಪ್ರಮಾಣ ನಮ್ಮ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚು. ಹಾರುವಾಗ ಜೇನ್ನೊಣದ ಸ್ನಾಯು ಉರಿಸುವ ಶಕ್ತಿಯ ವೇಗ ಪ್ರಾಣಿಲೋಕದಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಹೊಟ್ಟೆಯ ಸಕ್ಕರೆ ಮುಗಿದರೆ ನೊಣ ಹಾರಲಾರದೆ ನೆಲಕ್ಕೆ ಬೀಳುತ್ತದೆ.

ಇನ್ನೂ ಒಂದು ಮಾತು. ಹೂವಿನಿಂದ ತಂದ ಮಕರಂದದ ಹೆಚ್ಚಿನ ಪಾಲು ನೊಣದ ಸ್ವಂತ ರಕ್ತಕ್ಕೆ ಸೇರುವುದೇ ಇಲ್ಲ. ಅದು 'ಜೇನುಚೀಲ' ಎಂಬ ಪ್ರತ್ಯೇಕ ಚೀಲದಲ್ಲಿ ಗೂಡಿಗೆ ಸಾಗುತ್ತದೆ. ತನಗೆ ಬೇಕಾದಷ್ಟನ್ನು ಮಾತ್ರ ಒಂದು ಕವಾಟದ ಮೂಲಕ ಹೊಟ್ಟೆಗೆ ಬಿಟ್ಟುಕೊಳ್ಳುತ್ತದೆ.

ಜೇನುತುಪ್ಪದ ಸುಮಾರು ಶೇ. 80 ಭಾಗ ಸಕ್ಕರೆಯೇ. ಅದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಬೆಲ್ಲವೂ ಹಾಗೆಯೇ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇರುವುದು ನಿಜ, ಆದರೆ ಡಯಾಬಿಟಿಸ್ ಇರುವವರಿಗೆ ಸಕ್ಕರೆಯ ಬದಲು ಬೆಲ್ಲ ಎಂಬುದು ಬದಲಾವಣೆಯೇ ಅಲ್ಲ. ಮನೆಯಲ್ಲಿ ಒಂದು ವರ್ಷದೊಳಗಿನ ಮಗುವಿದ್ದರೆ ಜೇನುತುಪ್ಪವನ್ನು ನೆಕ್ಕಿಸಲೂಬೇಡಿ. ಬಾಟ್ಯುಲಿಸಂ ಎಂಬ ಅಪಾಯಕಾರಿ ಸೋಂಕಿಗೆ ಅದು ಕಾರಣವಾಗಬಹುದು.

ಕಬ್ಬಿನ ಉಣ್ಣೆಹೇನು: ಬೇಡದ್ದನ್ನು ಹೊರಗೆ ಸುರಿಯುವ ಉಪಾಯ

2002ರ ಜುಲೈನಲ್ಲಿ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಬಿಳಿ ಉಣ್ಣೆಹೇನಿನ ಹಾವಳಿ ಕಾಣಿಸಿಕೊಂಡಿತು. ಅಲ್ಲಿಂದ ಪುಣೆ ಸೇರಿದಂತೆ ಪಶ್ಚಿಮ ಮಹಾರಾಷ್ಟ್ರಕ್ಕೂ ಬೆಳಗಾವಿ, ಬಾಗಲಕೋಟೆ ಸೇರಿದಂತೆ ಉತ್ತರ ಕರ್ನಾಟಕಕ್ಕೂ ಹರಡಿತು. ಆ ವರ್ಷಗಳಲ್ಲಿ ಕಬ್ಬು ಬೆಳೆದವರಿಗೆ ನೆನಪಿರಬಹುದು: ಎಲೆಯ ಕೆಳಗೆ ಹತ್ತಿಯಂತೆ ಬಿಳಿ ಹೇನುಗಳ ರಾಶಿ, ಕೆಳಗಿನ ಎಲೆಗಳ ಮೇಲೆ ಅಂಟಂಟಾದ ಸಿಹಿ ದ್ರವ, ಅದರ ಮೇಲೆ ಮಸಿಯಂತೆ ಬೆಳೆದ ಕಪ್ಪು ಬೂಷ್ಟು.

ಆ ಅಂಟು ದ್ರವ ಹೇನಿನ ಮಲ. ಗಿಡಹೇನುಗಳು ಗಿಡದ ರಸ ಹೀರುತ್ತವೆ. ಅದರಲ್ಲಿ ಸಕ್ಕರೆ ಅಪಾರ, ಬೆಳವಣಿಗೆಗೆ ಬೇಕಾದ ಸಾರಜನಕದ ಅಂಶ ತೀರ ಕಡಿಮೆ. ಬೇಕಾದಷ್ಟು ಸಾರಜನಕ ಸಿಗಬೇಕಾದರೆ ಬೇಡದಷ್ಟು ಸಕ್ಕರೆ ಕುಡಿಯಲೇಬೇಕು. ಆ ರಸ ಹೇನಿನ ಮೈದ್ರವಕ್ಕಿಂತ ಎಷ್ಟು ಗಾಢವೆಂದರೆ ಹಾಗೇ ಬಿಟ್ಟರೆ ಮೈಯ ನೀರೆಲ್ಲ ಕರುಳಿಗೆ ಎಳೆದು ಹೇನು ಒಣಗಿ ಸಾಯುತ್ತದೆ. ಅದಕ್ಕೆ ಗಿಡಹೇನುಗಳ ಕರುಳಿನ ಕಿಣ್ವಗಳು ಸಕ್ಕರೆಯ ಸಣ್ಣ ಅಣುಗಳನ್ನು ಒಂದಕ್ಕೊಂದು ಜೋಡಿಸಿ ಉದ್ದ ಸರಗಳನ್ನಾಗಿ ಮಾಡುತ್ತವೆ. ಅಣುಗಳ ಸಂಖ್ಯೆ ಕಡಿಮೆಯಾಗಿ ನೀರಿನ ಎಳೆತವೂ ಕಡಿಮೆಯಾಗುತ್ತದೆ. ಹೆಚ್ಚಾದದ್ದನ್ನು ಹೊರಗೆ ಸುರಿಯುತ್ತವೆ.

ಬೇಡದ ಸಕ್ಕರೆಯನ್ನು ಹೊರಗೆ ಹಾಕುವುದು ಎಂಬ ಇದೇ ದಾರಿಯಲ್ಲಿ ಈಗ ಮನುಷ್ಯರಿಗೂ ಔಷಧಗಳಿವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರುಗಳನ್ನು ನಿಮ್ಮ ಚೀಟಿಯಲ್ಲಿ ನೋಡಿರಬಹುದು. ಇವು ಮೂತ್ರಪಿಂಡವು ಸಕ್ಕರೆಯನ್ನು ಮರಳಿ ಹೀರಿಕೊಳ್ಳದಂತೆ ತಡೆದು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ. ಇವುಗಳ ಮೂಲವಾದ ಫ್ಲೋರಿಜಿನ್ ಎಂಬ ವಸ್ತು 1835ರಲ್ಲಿ ಸೇಬಿನ ಮರದ ತೊಗಟೆಯಿಂದ ಸಿಕ್ಕಿತ್ತು. ಈ ಮಾತ್ರೆ ತೆಗೆದುಕೊಳ್ಳುವವರು ನೀರು ಸಾಕಷ್ಟು ಕುಡಿಯಬೇಕು, ಗುಪ್ತಾಂಗದ ಸ್ವಚ್ಛತೆ ಕಾಪಾಡಬೇಕು. ವಾಂತಿ, ಭೇದಿ, ಜ್ವರ ಬಂದಾಗ ಅಥವಾ ಉಪವಾಸ, ಶಸ್ತ್ರಚಿಕಿತ್ಸೆಯ ಮೊದಲು ಮುಂದುವರಿಸಬೇಕೇ ನಿಲ್ಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಇಂಥ ಸಂದರ್ಭಗಳಲ್ಲಿ ಅಪರೂಪಕ್ಕೆ ಕೀಟೋಆಸಿಡೋಸಿಸ್ ಎಂಬ ಗಂಭೀರ ಸ್ಥಿತಿ ಉಂಟಾಗಬಹುದು.

ಎತ್ತು, ಹಸು: ಪ್ರೀತಿಯಿಂದ ಕೊಟ್ಟ ಸಿಹಿಯೂ ವಿಷವಾದೀತು

ಎಲ್ಲ ಪ್ರಾಣಿಗಳೂ ಸಕ್ಕರೆಗೆ ಸಿದ್ಧವಾಗಿರುವುದಿಲ್ಲ. ಕಬ್ಬಿನ ಸೀಮೆಯಲ್ಲಿ ದನಗಳು ಕಬ್ಬಿನ ಸೋಗೆ ತಿಂದು ಚೆನ್ನಾಗಿರುತ್ತವೆ, ಏಕೆಂದರೆ ಅದರಲ್ಲಿ ನಾರು ಹೆಚ್ಚು. ದನದ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಅವು ನಾರನ್ನೂ ಸಕ್ಕರೆಯನ್ನೂ ಹುದುಗಿಸಿ ಆಮ್ಲಗಳಾಗಿ ಬದಲಿಸುತ್ತವೆ. ಆ ಆಮ್ಲಗಳೇ ದನದ ಆಹಾರ. ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ಅತಿ ಕಡಿಮೆ. ಹಾಗಾಗಿ ದನದ ರಕ್ತದಲ್ಲಿ ಸಕ್ಕರೆ ನಮಗಿಂತಲೂ ಕಡಿಮೆ.

ಆದರೆ ಮಹಾರಾಷ್ಟ್ರದ ಪೋಳಾ ಹಬ್ಬಕ್ಕೋ ನಮ್ಮ ಕಾರಹುಣ್ಣಿಮೆಗೋ ಎತ್ತಿಗೆ ಅತಿಯಾಗಿ ಹೋಳಿಗೆ, ಬೆಲ್ಲ, ಅನ್ನ ತಿನ್ನಿಸಿದರೆ, ಅಥವಾ ಮದುವೆಯ ಉಳಿದ ಅಡುಗೆಯನ್ನು ರಾಶಿ ಸುರಿದರೆ, ಆ ಹೊಟ್ಟೆಯಲ್ಲಿ ಲ್ಯಾಕ್ಟಿಕ್ ಆಮ್ಲ ಒಮ್ಮೆಲೇ ಹೆಚ್ಚುತ್ತದೆ. ದನ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ, ಕುಸಿಯುತ್ತದೆ. ಚಿಕಿತ್ಸೆ ತಡವಾದರೆ ಒಂದೆರಡು ದಿನದಲ್ಲಿ ಸಾಯಬಹುದು. ಹಬ್ಬದ ತುತ್ತು ಶಾಸ್ತ್ರಕ್ಕೆ ಸಾಕು. ಲಕ್ಷಣ ಕಂಡರೆ ಪಶುವೈದ್ಯರನ್ನು ಕೂಡಲೇ ಕರೆಯಿರಿ.

ಮನೆಯ ಬೆಕ್ಕಿನ ವಿಷಯ ಇನ್ನೊಂದು ಬಗೆ. ಸಿಹಿಯ ರುಚಿ ತಿಳಿಸುವ ಜೀನ್ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂದು 2005ರಲ್ಲಿ ಗೊತ್ತಾಯಿತು. ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ. ಆದರೂ ಬೊಜ್ಜು ಬೆಳೆದ, ಮನೆಯಿಂದ ಹೊರಬೀಳದ ಬೆಕ್ಕುಗಳಿಗೆ ಡಯಾಬಿಟಿಸ್ ಬರುತ್ತದೆ. ಸಿಹಿ ತಿನ್ನುವುದೊಂದೇ ಈ ಕಾಯಿಲೆಗೆ ಕಾರಣ ಎಂದು ನಂಬಿರುವವರು ಇದನ್ನು ನೆನಪಿಡಬೇಕು. ತೂಕ, ಚಲನೆ, ವಂಶ ಮೂರೂ ಸೇರಿ ಕೆಲಸ ಮಾಡುತ್ತವೆ.

ಉತ್ತರ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಮರುಭೂಮಿಯ ಮರಳು ಇಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ. ಉಪ್ಪು ಸೊಪ್ಪು ತಿಂದು ಬದುಕುವ ಈ ಇಲಿ ತನ್ನ ಊರಲ್ಲಿ ಆರೋಗ್ಯವಾಗಿರುತ್ತದೆ. ಪ್ರಯೋಗಾಲಯಕ್ಕೆ ತಂದು, ಬೇರೆ ಇಲಿಗಳು ತಿಂದು ಆರಾಮಾಗಿರುವ ಮಾಮೂಲಿ ಆಹಾರವನ್ನೇ ಕೊಟ್ಟರೆ ದಪ್ಪಗಾಗಿ ಡಯಾಬಿಟಿಸ್ ತಂದುಕೊಳ್ಳುತ್ತದೆ. ಕೊರತೆಯಲ್ಲಿ ಬದುಕಲು ರೂಪುಗೊಂಡ ದೇಹಕ್ಕೆ ಸಮೃದ್ಧಿ ಹೊರೆಯಾಯಿತು.

ಹಾಗಾದರೆ ನಾವು ಯಾರ ಹಾಗೆ?

ಈ ಪ್ರಶ್ನೆಗೆ ಪುಣೆಯಿಂದಲೇ ಒಂದು ದೊಡ್ಡ ಉತ್ತರ ಬಂದಿದೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ತಂಡ 1993ರಲ್ಲಿ ಪುಣೆ ಸಮೀಪದ ಹಳ್ಳಿಗಳಲ್ಲಿ ಗರ್ಭಿಣಿಯರ ಪೋಷಣೆಯ ಅಧ್ಯಯನ ಆರಂಭಿಸಿತು. ಅಲ್ಲಿ ಹುಟ್ಟಿದ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ ಶಿಶುಗಳದ್ದು ಸುಮಾರು 3.5 ಕಿಲೋ. ನಮ್ಮ ಶಿಶುಗಳ ಸ್ನಾಯು ಕಡಿಮೆ ಇತ್ತು, ಆದರೆ ಕೊಬ್ಬು ಅಷ್ಟು ಕಡಿಮೆಯಾಗಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು. ಇದಕ್ಕೆ 'ತೆಳ್ಳಗಿನ ಕೊಬ್ಬಿನ ಶಿಶು' ಎಂಬರ್ಥದ ಹೆಸರು ಬಂತು.

2004ರಲ್ಲಿ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಎಂಬ ವಿಜ್ಞಾನಿ ತಮ್ಮಿಬ್ಬರ ದೇಹವನ್ನೇ ಹೋಲಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. 'ನಾನು ತೆಳ್ಳಗಿದ್ದೇನೆ, ನನಗೆ ಶುಗರ್ ಬರುವುದಿಲ್ಲ' ಎನ್ನುವ ಭಾರತೀಯರಿಗೆ ಈ ಎರಡು ಸಂಖ್ಯೆಗಳೇ ಉತ್ತರ.

ಪುಣೆಯ ಸಂಶೋಧಕರೂ ಪಾಲ್ಗೊಂಡ ಒಂದು ಇಲಿಯ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 50 ಪೀಳಿಗೆಗಳ ಕಾಲ ಅರೆಹೊಟ್ಟೆಯಲ್ಲಿ ಬೆಳೆದ ಇಲಿಗಳು ಡಯಾಬಿಟಿಸ್‌ಗೆ ಬೇಗ ತುತ್ತಾಗುತ್ತಿದ್ದವು. ನಂತರ ಎರಡು ಪೀಳಿಗೆಗಳಿಗೆ ಹೊಟ್ಟೆತುಂಬ ಸಾಮಾನ್ಯ ಆಹಾರ ಕೊಟ್ಟರೂ ಆ ದೋಷ ಸರಿಯಾಗಲಿಲ್ಲ. ಅಜ್ಜ ಅಜ್ಜಿಯರ ಬರಗಾಲ ಮೊಮ್ಮಕ್ಕಳ ಮೈಯಲ್ಲಿ ಉಳಿಯಬಹುದು ಎಂಬ ಸೂಚನೆ ಇದು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೆ ಹಾಗೇ ಅನ್ವಯಿಸುವುದಿಲ್ಲ. ಆದರೂ ನಮ್ಮ ದೇಹ ಬಾವಲಿಗಿಂತ ಮರಳು ಇಲಿಗೆ ಹತ್ತಿರ ಎಂದು ತಿಳಿದು ನಡೆಯುವುದೇ ಕ್ಷೇಮ. ಹಾಗೆಯೇ, ಡಯಾಬಿಟಿಸ್ ಬಂದವರನ್ನು 'ಬಾಯಿ ಚಪಲದಿಂದ ತಂದುಕೊಂಡೆ' ಎಂದು ಮನೆಯವರು ದೂರುವುದು ಎಷ್ಟು ಅನ್ಯಾಯ ಎಂಬುದೂ ಇದರಿಂದ ತಿಳಿಯುತ್ತದೆ.

ನೀವು ಮಾಡಬಹುದಾದ್ದು

* ಊಟವಾದ ಮೇಲೆ ನಡೆಯಿರಿ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ನೆರವಿಲ್ಲದೆಯೂ ಗ್ಲುಟ್-4 ಬಾಗಿಲು ತೆರೆಯುತ್ತದೆ. ಬಾವಲಿಯ ಹಾರಾಟಕ್ಕೆ ನಮ್ಮಲ್ಲಿ ಸಮನಾದದ್ದು ಇದೇ. 2016ರಲ್ಲಿ ಪ್ರಕಟವಾದ ನ್ಯೂಜಿಲೆಂಡ್ ಅಧ್ಯಯನದಲ್ಲಿ ಟೈಪ್ 2 ಇರುವವರು ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಸಕ್ಕರೆ ಸರಾಸರಿ ಶೇ. 12ರಷ್ಟು ಕಡಿಮೆ ಇತ್ತು. ಕಾಲಲ್ಲಿ ಹುಣ್ಣು, ಎದೆನೋವು, ಕಣ್ಣಿನಲ್ಲಿ ರಕ್ತಸ್ರಾವ ಇರುವವರು ಮೊದಲು ವೈದ್ಯರನ್ನು ಕೇಳಿ.

* ಹಣ್ಣನ್ನು ಕಚ್ಚಿ ತಿನ್ನಿ, ಕುಡಿಯಬೇಡಿ. ಪೇರಲ, ಸೇಬು, ಪಪ್ಪಾಯಿಯಂಥ ಹಣ್ಣನ್ನು ಸ್ವಲ್ಪ ಪ್ರಮಾಣದಲ್ಲಿ ತಿನ್ನಬಹುದು. ಎಷ್ಟು ಎಂಬುದನ್ನು ನಿಮ್ಮ ಆಹಾರ ತಜ್ಞರು ಹೇಳಲಿ. ಕಬ್ಬಿನ ಹಾಲು, ಪ್ಯಾಕೆಟ್ ಜ್ಯೂಸ್, ತಂಪು ಪಾನೀಯ ಬಿಡಿ.

* ಒಟ್ಟು ಸಕ್ಕರೆಯ ಲೆಕ್ಕ ಇಡಿ. ಆರೋಗ್ಯವಂತರಿಗೂ ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಜ್ಯೂಸ್ ಎಲ್ಲ ಸೇರಿ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಆರು ಚಮಚ ಮೀರದಿರುವುದು ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾಲ್ಕು ಲೋಟ ಚಹಾದಲ್ಲೇ ಅದು ಮುಗಿಯಬಹುದು.

* ಸೊಂಟದ ಸುತ್ತಳತೆ ನೋಡಿ. ತೂಕದ ಯಂತ್ರ ನಮ್ಮ ಒಳಗಿನ ಕೊಬ್ಬನ್ನು ಹೇಳುವುದಿಲ್ಲ. ಭಾರತೀಯ ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ದಾಟಿದರೆ ಎಚ್ಚರ ಬೇಕು.

* ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ. 'ಹಕ್ಕಿ ಕಚ್ಚಿದ ಹಣ್ಣು ಹೆಚ್ಚು ಸಿಹಿ' ಎಂಬ ಮಾತಿದೆ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಮಹಾಬಳೇಶ್ವರದ ಗುಹೆಯಿಂದ ಹಿಡಿದ ಬಾವಲಿಗಳಲ್ಲಿ ನಿಪಾ ವೈರಸ್ ಸೋಂಕಿನ ಕುರುಹು ಕಂಡಿದ್ದರು. ಗಾಯದ ಗುರುತಿರುವ ಹಣ್ಣನ್ನು ಎಸೆಯಿರಿ, ಉಳಿದದ್ದನ್ನು ತೊಳೆದು ಸಿಪ್ಪೆ ತೆಗೆದು ತಿನ್ನಿ. ಬಾವಲಿಗಳನ್ನು ಮುಟ್ಟಬೇಡಿ, ಕೊಲ್ಲಲೂ ಬೇಡಿ. ಪರಾಗಸ್ಪರ್ಶಕ್ಕೆ, ಬೀಜ ಹರಡುವುದಕ್ಕೆ ಅವು ಬೇಕು.

ಆರೈಕೆ ಮಾಡುವವರು ಗಮನಿಸಿ

ಸಕ್ಕರೆ ಶತ್ರು ಎಂದು ಮನೆಯಿಂದ ಪೂರ್ತಿ ಓಡಿಸಬೇಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ನಡುಕ, ಬೆವರು, ಎದೆಬಡಿತ, ಗೊಂದಲ, ವಿನಾಕಾರಣ ಸಿಟ್ಟು ಕಾಣಿಸಬಹುದು. ಆಗ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಅಥವಾ 15 ಗ್ರಾಂ ಗ್ಲೂಕೋಸ್ ಪುಡಿಯನ್ನು ಕೊಡಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ ಕಡಿಮೆ ಇದ್ದರೆ ಮತ್ತೆ ಕೊಡಿ. ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಜ್ಞಾನ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಕರೆ ಮಾಡಿ.

ಸಕ್ಕರೆ ಪದೇ ಪದೇ 300 ದಾಟುತ್ತಿದ್ದರೆ, ಜೊತೆಗೆ ವಾಂತಿ, ಹೊಟ್ಟೆನೋವು, ಆಳವಾದ ವೇಗದ ಉಸಿರು, ಬಾಯಿಂದ ಹಣ್ಣಿನಂಥ ವಾಸನೆ, ಮಂಪರು ಇದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮನೆಮದ್ದಿಗಾಗಿ ಕಾಯಬೇಡಿ. ವೈದ್ಯರನ್ನು ಕೇಳದೆ ಇನ್ಸುಲಿನ್ ನಿಲ್ಲಿಸಬೇಡಿ, ಅದರಲ್ಲೂ ಟೈಪ್ 1 ಇರುವವರಿಗೆ ಅದು ಜೀವಕ್ಕೇ ಅಪಾಯ.

ಬಾವಲಿ, ಸೂರಕ್ಕಿ, ಜೇನ್ನೊಣಗಳು ಸಕ್ಕರೆಯನ್ನು ತಾಳಿಕೊಳ್ಳುವುದು ಅವುಗಳ ಗ್ರಂಥಿ, ಕರುಳು, ರಕ್ತ, ಸ್ನಾಯು ಎಲ್ಲವೂ ಅದಕ್ಕೆಂದೇ ರೂಪುಗೊಂಡಿರುವುದರಿಂದ. ಅವುಗಳಲ್ಲಿ ನಾವು ಎರವಲು ಪಡೆಯಬಹುದಾದ ಉಪಾಯ ಒಂದೇ, ಅದಕ್ಕೆ ದುಡ್ಡೂ ಬೇಕಿಲ್ಲ: ತಿಂದ ಮೇಲೆ ಮೈ ಅಲುಗಿಸುವುದು. ಇಂದು ರಾತ್ರಿಯ ಊಟದ ನಂತರ ಮನೆಯವರನ್ನೂ ಕರೆದುಕೊಂಡು ಹತ್ತು ನಿಮಿಷ ನಡೆಯಿರಿ. ನಿಮ್ಮ ಬಳಿ ಗ್ಲುಕೋಮೀಟರ್ ಇದ್ದರೆ, ನಡೆದ ದಿನ ಮತ್ತು ನಡೆಯದ ದಿನ ಊಟ ಆರಂಭಿಸಿದ ಎರಡು ಗಂಟೆಯ ನಂತರದ ಸಂಖ್ಯೆಗಳನ್ನು ಒಂದು ವಾರ ಬರೆದಿಡಿ. ಮುಂದಿನ ಭೇಟಿಯಲ್ಲಿ ಆ ಚೀಟಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ.